ಅಂಗೈ ಕೆಳಗಿನ ಸಾಲು

ಕಾರಿನಿಂದಿಳಿದು ಬಾಗಿಲು ಹಾಕುವಾಗ ಗೌನಿನ ಅಂಚು ಸಿಕ್ಕಿಕೊಂಡು ಪರ್ರೆಂದಿತು. ಮತ್ಯುಮ್ಜಾ ಬಗ್ಗಿ ನೋಡಲಿಲ್ಲ. ನೋಡಿದರೆ ಹರಿದದ್ದು ಖಾತ್ರಿಯಾಗಿಬಿಡುತ್ತದೆ, ನೋಡದಿದ್ದರೆ ಹರಿದಿರಲಿಕ್ಕಿಲ್ಲ ಎಂಬ ಆಸೆಯಾದರೂ ಉಳಿಯುತ್ತದೆ. ತಲೆ ನರೆತ ವಕೀಲನೊಬ್ಬ ಹೀಗೆ ಯೋಚಿಸುವುದು ನಗೆಪಾಟಲು ಎಂದು ಗೊತ್ತಿದ್ದೂ ಅವನು ಗೌನನ್ನು ಮುದುರಿ ಕಂಕುಳಲ್ಲಿಟ್ಟುಕೊಂಡ. ಅಷ್ಟರಲ್ಲಿ ಕಾರು ಕಾಯುವ ಫಿಂಡಿಲೆ ಹಳದಿ ಜಾಕೀಟು ಎಳೆದುಕೊಳ್ಳುತ್ತ ಓಡಿಬಂದ. “ತೋಲೊ! ದ್ಲಾಂಗಮಾಂಡ್ಲಾ! ಬೆಳಗಾಯ್ತಾ ಯಜಮಾನ್ರೇ? ಹೋಗಿ ಹೋಗಿ, ಗಾಡಿ ನಾನ್ ನೋಡ್ಕೋತೀನಿ, ಕೋರ್ಟು ನೀವ್ ನೋಡ್ಕೊಳ್ಳಿ. ಎರಡರಲ್ಲಿ ಯಾವುದಕ್ಕೆ ಕಳ್ಳರು ಜಾಸ್ತಿ ಅಂತ ಸಂಜೆ ಹೇಳ್ತೀನಿ.” ಎಂದಿನಂತೆ ಅವನೇ ಹೇಳಿ ಅವನೇ ನಕ್ಕ. ಮತ್ಯುಮ್ಜಾ ಎಂದಿನಂತೆ ಕೈಯೆತ್ತಿದ. ಮತ್ಯುಮ್ಜಾ ಎಂಬ ಹೆಸರು ಬ್ಯಾಂಕಿನವರಿಗೆ, ಪೊಲೀಸರಿಗೆ, ಬಾಗಿಲ ಮೇಲಿನ ಹಿತ್ತಾಳೆ ಫಲಕಕ್ಕೆ. ಮನುಷ್ಯರು ಮನುಷ್ಯರನ್ನು ಕರೆಯುವುದು ಕುಲದ ಹೆಸರು, ಕುಲದ ಬಿರುದು ಹಿಡಿದು: ತೋಲೊ, ದ್ಲಾಂಗಮಾಂಡ್ಲಾ. ಹುಟ್ಟಿದಾಗ ತೊಟ್ಟಿಲ ಬಳಿ ಹೇಳಿದ್ದು ಅದೇ, ಸತ್ತಾಗ ಗುಂಡಿಯ ಬಳಿ ಹೇಳುವುದೂ ಅದೇ, ನಡುವೆ ಯಾರಿಗಾದರೂ ಉಪಕಾರ ಮಾಡಿದರೆ ಅವರು ಹೇಳುವುದೂ ಅದೇ. ಒಬ್ಬ ತೋಲೊ ಇನ್ನೊಬ್ಬ ತೋಲೊಗೆ ಹೆಣ್ಣು ಕೊಡುವುದಿಲ್ಲ, ಬಾಗಿಲು ಹಾಕುವುದಿಲ್ಲ, ಲೆಕ್ಕ ಕೇಳುವುದಿಲ್ಲ.

ಲೆಕ್ಕ ಕೇಳುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತುತ್ತ ಈ ಕೊನೆಯ ಮಾತು ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮಾಂಸದ ಎಳೆಯಂತೆ ನಾಲಿಗೆಗೆ ತಗುಲುತ್ತಲೇ ಇತ್ತು. ಇಂದು ಆಗಬೇಕಾದದ್ದು ದೊಡ್ಡ ಕೆಲಸವೇನೂ ಅಲ್ಲ. ಕೇಸು ಮುಗಿದಿತ್ತು. ಹೆರಿಗೆಯ ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಯಾರೂ ತಿರುಗಿ ನೋಡದೆ ತಾಯಿ ಸತ್ತು, ಉಸಿರು ಕಟ್ಟಿ ಹುಟ್ಟಿದ ಮಗು ಕತ್ತು ನಿಲ್ಲದೆ, ಮಾತು ಬರದೆ ಉಳಿದಿತ್ತು. ಆ ಓವಾಯೊ ಎಂಬ ಹುಡುಗಿಗೆ ಅವಳು ಬದುಕಿರುವಷ್ಟು ದಿನ ಸಾಕಾಗುವಷ್ಟು ಪರಿಹಾರ ಕೊಡಲು ಸರ್ಕಾರ ವರ್ಷಗಟ್ಟಲೆ ಎಳೆದಾಡಿ ಕೊನೆಗೂ ಒಪ್ಪಿತ್ತು. ಉಳಿದದ್ದು ಕೋರ್ಟಿನ ಮೊಹರು. ಗೆದ್ದರೆ ಫೀಸು, ಸೋತರೆ ಕೈ ಬೀಸು ಎಂಬ ಕರಾರಿನ ಮೇಲೆ ನಡೆಸಿದ ಕೇಸಾದ್ದರಿಂದ ಆ ಕರಾರು ನ್ಯಾಯವಾಗಿದೆಯೇ ಎಂದು ನ್ಯಾಯಾಧೀಶರು ನೋಡಬೇಕು. ವಕೀಲ ತನ್ನ ಮಾಮೂಲಿ ಫೀಸಿನ ಎರಡರಷ್ಟು ತೆಗೆದುಕೊಳ್ಳಬಹುದು, ಇಲ್ಲವೇ ಬಂದ ಹಣದ ಕಾಲುಭಾಗ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಇದನ್ನೆಲ್ಲ ಕಕ್ಷಿದಾರರಿಗೆ ಅವರ ಭಾಷೆಯಲ್ಲಿ ಓದಿ ಹೇಳಿರಬೇಕು. ಓದಿ ಹೇಳಿದೆ ಎಂದು ವಕೀಲನ ಅಫಿಡವಿಟ್ಟು, ಕೇಳಿಸಿಕೊಂಡೆ ಎಂದು ಕಕ್ಷಿದಾರರ ಅಫಿಡವಿಟ್ಟು. ಸಾಮಾನ್ಯವಾಗಿ ಎರಡನ್ನೂ ಒಂದರ ಮೇಲೊಂದಿಟ್ಟು ಸಹಿ ಹಾಕಿ ಕಳಿಸುತ್ತಾರೆ. ಈ ಸಲ ಮಾತ್ರ ನ್ಯಾಯಾಧೀಶೆಯ ಕೋಣೆಯಿಂದ ಒಂದು ಸಾಲು ಬಂದಿತ್ತು: ಮಗುವಿನ ಪರವಾಗಿ ಸಹಿ ಹಾಕಿದ ಅಜ್ಜಿಯೇ ಖುದ್ದು ಬರಲಿ.

ಮೊಗಸಾಲೆಯಲ್ಲಿ ಸರ್ಕಾರದ ಪರ ವಕೀಲ ಡಿ ವೆಟ್ ಗ್ವಿನ್ಯಾ ಎಂಬ ಕರಿದ ಹಿಟ್ಟಿನುಂಡೆ ತಿನ್ನುತ್ತ ನಿಂತಿದ್ದ. ಬಿಳಿಯನಾದರೂ ಈ ಸೀಮೆಯಲ್ಲೇ ಹುಟ್ಟಿ ದನ ಕಾಯುವ ಹುಡುಗರ ಜೊತೆ ಬೆಳೆದವನು, ಭಾಷೆ ಅವರದ್ದೇ. “ಏನಪ್ಪಾ, ಅಜ್ಜಿನ ಕರ್ಕೊಂಡ್ ಬಂದ್ಯಾ? ಈ ಜಡ್ಜಮ್ಮ ಹೋದ ವಾರ ಇಬ್ಬರು ವಕೀಲರನ್ನ ಚರ್ಮ ಸುಲಿದು ಉಪ್ಪು ಸವರಿದ್ಲಂತೆ. ಒಬ್ಬ ಇನ್ನೂ ಆಫೀಸಿಗೆ ಬಂದಿಲ್ಲ.”

“ನನ್ನ ಚರ್ಮ ದಪ್ಪ ಬಿಡು,” ಎಂದ ಮತ್ಯುಮ್ಜಾ.

“ದಪ್ಪ ಇದ್ರೇನೇ ಸುಲಿಯೋಕೆ ಸುಲಭ ಕಣಯ್ಯಾ, ಆಡು ಕೊಯ್ದೋರನ್ನ ಕೇಳು.”

ನಕ್ಕ. ಮತ್ಯುಮ್ಜಾನೂ ನಕ್ಕ. ಆಡಲ್ಲ, ಕೋಳಿ. ಕರಾರಿಗೆ ಸಹಿ ಹಾಕಿಸಲು ಹೋದ ಅವತ್ತು ಕೊಯ್ದದ್ದು ಕೋಳಿ. ತ್ಸೋಲೊ ಊರಿನ ಕಡೆಯ ಗುಡ್ಡದ ಮೇಲಿನ ದುಂಡನೆಯ ಮನೆ, ಒಳಗೆ ಸಗಣಿ ಸಾರಿಸಿದ ನೆಲ, ಗೋಡೆಗೊರಗಿಸಿ ಕೂರಿಸಿದ ಮಗು. ಅವನು ಹೊಸಿಲು ದಾಟುವ ಮುಂಚೆ ಮಗುವಿನ ಅಜ್ಜಿ ನೊಸಖೆಲೆ ಕೇಳಿದ್ದು ಒಂದೇ ಪ್ರಶ್ನೆ, ಯಾರ ಪೈಕಿ ನೀನು? ತೋಲೊ, ಎಂದಿದ್ದ. ಅವಳು ಬಾಯಿಗೆ ಕೈ ಹಚ್ಚಿ ಊರಿಗೆಲ್ಲ ಕೇಳುವಂತೆ ಉಲಿದಿದ್ದಳು. ಅಯ್ಯೋ, ನಾನೂ ತೋಲೊ ಮನೆ ಮಗಳು ಕಣೋ! ನನ್ನ ತಮ್ಮ ಬಂದ, ಸತ್ತ ನನ್ನ ಮಗಳು ಸೋದರಮಾವನ್ನ ಕಳಿಸಿದಾಳೆ! ಪಕ್ಕದ ಮನೆಯವರೆಲ್ಲ ಬಂದರು. ಹುಳಿ ಬಂದ ಜೋಳದ ಕಳ್ಳು ಡಬ್ಬಿಯಲ್ಲಿ ಸುತ್ತಿತು. ಕೋಳಿ ಕೊಯ್ದರು, ಎದೆಯ ಭಾಗ ಅವನಿಗೆ ಬಂತು. ಊಟವಾದ ಮೇಲೆ ಅವನು ಚೀಲದಿಂದ ಕರಾರು ತೆಗೆದು ನೆಲದ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಇದು ಏನಪ್ಪಾ ಅಂದ್ರೆ ಅಕ್ಕ ಎಂದು ಶುರುಮಾಡಿದ. ಶುರುಮಾಡಿದ್ದಂತೂ ನಿಜ. ಅವಳು ತನ್ನ ಅಂಗೈಯನ್ನು ಕಾಗದದ ಮೇಲೆ ಹರವಿ ಇಟ್ಟುಬಿಟ್ಟಳು. ಕೋಳಿಯ ಜಿಡ್ಡು ಇನ್ನೂ ಇದ್ದ ದೊಡ್ಡ ಅಂಗೈ. “ಹೊರಗಿನೋರಿಗೆ ಓದು ಇದನ್ನೆಲ್ಲ. ಮನೆಯೋನು ಮನೆಯೋಳಿಗೆ ಕಾಗದ ಓದಿ ಹೇಳ್ತಾನೇನೋ? ನಾಚಿಕೆ ಆಗಲ್ವಾ? ಎಲ್ಲಿ ಗೀಚಬೇಕು ತೋರ್ಸು.” ತೋರಿಸಿದ್ದ. ಅವಳು ತಡೆದಳು ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಅದು ಸುಳ್ಳೂ ಅಲ್ಲ. ಆದರೆ ಆ ಅಂಗೈ ಕಾಗದದ ಮೇಲೆ ಬಿದ್ದ ಗಳಿಗೆಯಲ್ಲಿ ತನ್ನೊಳಗೆ ಏನೋ ಸಡಿಲವಾಯಿತಲ್ಲ, ಬಿಸಿಲಲ್ಲಿ ನಡೆದು ಬಂದವನು ಕೊರಳ ಗುಂಡಿ ಬಿಚ್ಚಿದಂತೆ ಹಾಯೆನಿಸಿತಲ್ಲ, ಅದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಆ ಕಾಗದದ ಮೂಲೆಯಲ್ಲಿ ಜಿಡ್ಡಿನ ಒಂದು ಮಸುಕು ಇವತ್ತಿಗೂ ಇದೆ.

ನೊಸಖೆಲೆ ಮೊಗಸಾಲೆಯ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಗುರುವಾರ, ಪ್ರಾರ್ಥನೆಯ ದಿನವಾದ್ದರಿಂದ ಚರ್ಚಿನ ಹೆಂಗಸರ ಸಂಘದ ಉಡುಪು. ಕೆಂಪು ರವಿಕೆ, ಕಪ್ಪು ಲಂಗ, ಗಂಜಿ ಹಾಕಿ ಗಟ್ಟಿಮಾಡಿದ ಬಿಳಿ ಟೋಪಿ. ಆ ರವಿಕೆ ತೊಟ್ಟವರು ಸುಳ್ಳಾಡಬಾರದು, ಜಗಳ ಕಾಯಬಾರದು, ರಸ್ತೆಯಲ್ಲಿ ನಿಂತು ತಿನ್ನಬಾರದು ಎಂಬುದು ಸಂಘದ ಕಟ್ಟಳೆ. ಪಕ್ಕದಲ್ಲಿ ಗಾಲಿಯ ಕುರ್ಚಿಯಲ್ಲಿ ಓವಾಯೊ, ಎದೆಗೆ ಪಟ್ಟಿ ಬಿಗಿದು, ಕತ್ತಿಗೆ ದಿಂಬು ಕೊಟ್ಟು. ಎಂಟು ವರ್ಷದ ಹುಡುಗಿ, ಐದರ ಮೈ. ಮೇಲಿನ ದೀಪ ನೋಡುತ್ತ ಒಂದೇ ಸ್ವರದಲ್ಲಿ ಮ್ ಮ್ ಎನ್ನುತ್ತಿದ್ದಳು.

“ಬಂದ್ಯಾ ತೋಲೊ? ತಿಂದ್ಯಾ ಏನಾದ್ರೂ? ಮುಖ ಯಾಕೆ ಹಿಂಗ್ ಬಾಡಿದೆ? ಹೆಂಡ್ತಿ ಬೈದ್ಲಾ?”

“ಇಲ್ಲ ಅಕ್ಕ. ಏನಿಲ್ಲ, ನ್ಯಾಯಾಧೀಶರು ಒಂದೆರಡು ಪ್ರಶ್ನೆ ಕೇಳ್ತಾರೆ ಅಷ್ಟೆ. ಕರಾರಿನ ಬಗ್ಗೆ. ನೀನು...” ಮುಂದೆ ಏನು ಹೇಳಬೇಕು? ನಿಜ ಹೇಳು ಎಂದರೆ ಅವನ ಅಫಿಡವಿಟ್ಟು ಸುಳ್ಳಾಗುತ್ತದೆ, ಕರಾರು ಬಿದ್ದುಹೋಗುತ್ತದೆ, ಬಹುಶಃ ಅವನ ಸನ್ನದೂ. ಸುಳ್ಳು ಹೇಳು ಎನ್ನಲು ಬಾಯಿ ಬರಲಿಲ್ಲ, ಆ ಕೆಂಪು ರವಿಕೆಯ ಮುಂದೆ.

“ನಾನು ಹೇಳ್ಕೋತೀನಿ ಬಿಡು,” ಎಂದು ಅವಳು ಮಗುವಿನ ಬಾಯಿ ಒರೆಸಿದಳು. ಯಾವ ಅರ್ಥದಲ್ಲಿ ಹೇಳಿದಳೋ ತಿಳಿಯಲಿಲ್ಲ. ಒರೆಸುವ ಕೈಯನ್ನೇ ನೋಡುತ್ತ ನಿಂತ. ಅವನ ಮಗಳು ಕೇಪ್‌ಟೌನಿನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಈ ಕೇಸಿಗಾಗಿ ತಜ್ಞರನ್ನು ಕರೆಸಿದ್ದು, ಅವರ ವಿಮಾನ, ಅವರ ಹೋಟೆಲು, ಎಲ್ಲ ಅವನು ಬ್ಯಾಂಕಿನಿಂದ ಎತ್ತಿದ್ದು. ಇದರ ಜೊತೆಗೇ ಹಿಡಿದ ಇನ್ನೆರಡು ಕೇಸು ಸೋತು ಮುಳುಗಿದವು. ಸೋತವರ ಸಾಲವನ್ನು ಗೆದ್ದವರಲ್ಲದೆ ಯಾರು ತೀರಿಸಬೇಕು? ಎಲ್ಲ ವಕೀಲರೂ ಹೀಗೇ ತಾನೇ? ಆದರೂ ಭಾನುವಾರ ಮನೆಯವರೆಲ್ಲ ಚರ್ಚಿಗೆ ಹೋದಾಗ ಊಟದ ಮೇಜಿನ ಮುಂದೆ ಕೂತು, ದುಡಿದ ಗಂಟೆಗಳ ಪಟ್ಟಿಗೆ ದುಡಿಯದ ಗಂಟೆಗಳನ್ನು ಸೇರಿಸಿದ್ದು ಅವನೇ. ನಿಜವಾದ ಗಂಟೆಗಳ ಫೀಸಿನ ಎರಡರಷ್ಟು ಹಿಡಿದರೆ ಕಾಲುಭಾಗದ ಅರ್ಧಕ್ಕೂ ಬರುತ್ತಿರಲಿಲ್ಲ. ಉಬ್ಬಿಸಿದ ಮೇಲೆ ಕಾಲುಭಾಗವೇ ಕಡಿಮೆಯಾಗಿ ಕಂಡಿತು. ಹೊರಗೆ ಚರ್ಚಿನ ಹಾಡು ಕೇಳುತ್ತಿತ್ತು, ಹೆಂಗಸರು ಕೀರ್ತನೆಯ ಪುಸ್ತಕವನ್ನೇ ಗುದ್ದಿ ತಾಳ ಹಾಕುವ ದಬ್ ದಬ್.

ಕೇಸು ಕರೆದರು. ನ್ಯಾಯಾಧೀಶೆ ಅವನಿಗಿಂತ ಚಿಕ್ಕವಳು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕಾಗದ ನೋಡುತ್ತಿದ್ದಳು. “ಮಿಸ್ಟರ್ ಮತ್ಯುಮ್ಜಾ, ಗಂಟೆಗಳ ಪಟ್ಟಿ ಓದಿದೆ. ನೀವು ಶ್ರಮಜೀವಿಗಳು.” ಹೊಗಳಿಕೆಯೋ ಚುಚ್ಚೋ ಮುಖದಿಂದ ಗೊತ್ತಾಗಲಿಲ್ಲ. “ಗಂಟೆಗಳ ಒಳಗೆ ಹೋಗಿ ನೋಡೋಕೆ ನನ್ನಿಂದಾಗಲ್ಲ. ಅದು ನಿಮ್ಮ ಮತ್ತು ನಿಮ್ಮ ದೇವರ ನಡುವಿನ ವಿಷಯ. ಆದ್ರೆ ಕರಾರು ಇವರಿಗೆ ಅರ್ಥವಾಗಿತ್ತೇ ಅನ್ನೋದನ್ನ ಇವರನ್ನೇ ಕೇಳಬಹುದು. ಅಮ್ಮಾ, ಕೂತ್ಕೊಂಡೇ ಹೇಳಿ.” ನ್ಯಾಯಾಧೀಶೆಯ ಮನೆಮಾತೂ ಅಜ್ಜಿಯದೇ ಆಗಿದ್ದರೂ ಕೋರ್ಟಿನ ದಾಖಲೆ ಇಂಗ್ಲಿಷಿನಲ್ಲಾಗಬೇಕು. ಆದ್ದರಿಂದ ದುಭಾಷಿ ಬಾಯಿ ತೆರೆಯುವ ಮುಂಚೆಯೇ ಎಲ್ಲರಿಗೂ ಎಲ್ಲ ತಿಳಿಯುತ್ತಿತ್ತು, ಆಮೇಲೆ ಇನ್ನೊಮ್ಮೆ ತಿಳಿಯುತ್ತಿತ್ತು. ಮತ್ಯುಮ್ಜಾಗೆ ಪ್ರತಿ ಮಾತೂ ಎರಡೆರಡು ಸಲ ತಗುಲಿತು.

ನೊಸಖೆಲೆ ಕೂರಲಿಲ್ಲ. ಕೈಯೆತ್ತಿ ಪ್ರಮಾಣ ಮಾಡಿದಳು.

“ಈ ಕರಾರನ್ನು ನಿಮಗೆ ಓದಿ ಹೇಳಿದರಾ?”

ಮುದುಕಿ ಒಮ್ಮೆ ಮ್ ಮ್ ಎನ್ನುತ್ತಿದ್ದ ಓವಾಯೊಳ ಕಡೆ ನೋಡಿದಳು.

“ಹೇಳಿದ್ರು ತಾಯಿ,” ಎಂದಳು ನೊಸಖೆಲೆ. “ನಾನೇ ಬೇಡ ಅಂದೆ. ಸುಳ್ಳು ಯಾಕೆ ಹೇಳ್ಲಿ, ಕಾಗದದ ಮೇಲೆ ಕೈ ಇಟ್ಬಿಟ್ಟೆ. ಇವನು ನಮ್ಮ ಕುಲದ ಹುಡುಗ. ಮನೆಯೋನ ಹತ್ರ ಕಾಗದ ಓದಿಸ್ಕೊಳ್ಳೋದು ಅಂದ್ರೆ ಅನ್ನದ ತಟ್ಟೆ ಮೂಸಿ ನೋಡಿದ ಹಾಗೆ ಅಲ್ವಾ? ಆದ್ರೆ ಇವನು ಬಿಡ್ಲಿಲ್ಲ. ನನ್ನ ಕೈನ ಹಿಂಗೆ,” ಎಂದು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ, ಮಲಗಿದ ಮಗುವಿನ ಕೈ ಸರಿಸುವಂತೆ, ಕಟಕಟೆಯ ಅಂಚಿನ ಮೇಲೆ ಇಟ್ಟಳು. “ಹಿಂಗೆ ಮೆತ್ತಗೆ ಎತ್ತಿ ಪಕ್ಕಕ್ಕಿಟ್ಟ. ಅಕ್ಕ, ಹೊರಗಿನೋನು ಓದದೇ ಇದ್ರೆ ನಿನಗೆ ಅನುಮಾನ ಬರುತ್ತೆ, ಬೇರೆಯೋರನ್ನ ಕೇಳ್ತೀಯ. ನಾನು ಓದದೇ ಇದ್ರೆ ನಿನಗೆ ಅನುಮಾನಾನೂ ಬರಲ್ಲ. ಅದಕ್ಕೇ ನಾನು ಓದ್ಲೇಬೇಕು, ಅಂದ. ಕತ್ತಲಾಯ್ತು, ದೀಪ ಹಚ್ಚಿದೆ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಹೇಳ್ದ. ಮಧ್ಯದಲ್ಲಿ ಮಗು ಅತ್ತಿತು, ನಿಲ್ಲಿಸ್ದ. ಸುಮ್ಮನಾದ ಮೇಲೆ ಬಿಟ್ಟಲ್ಲಿಂದ ಹಿಡ್ದ.”

ಮತ್ಯುಮ್ಜಾ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದ. ಅವಳು ಹೇಳುತ್ತಿದ್ದ ಆ ಮನುಷ್ಯ ಅವನಿಗೆ ಕಾಣುತ್ತಿದ್ದ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬಗ್ಗಿ, ಕೋಟು ಬಿಚ್ಚಿಟ್ಟು, ಮುದುಕಿಯ ಕೈಯನ್ನು ಎರಡು ಕೈಯಲ್ಲಿ ಎತ್ತುತ್ತಿದ್ದ ತನ್ನದೇ ಮುಖದ ಒಬ್ಬ. ತನಗಿಂತ ಸ್ವಲ್ಪ ಎತ್ತರ ಅನಿಸಿತು. ಇವಳು ಅವನನ್ನು ಎಲ್ಲಿಂದ ತಂದಳು? ಈ ಒಂದು ಗಳಿಗೆಯಲ್ಲಿ ಕಟ್ಟಿದಳೋ, ಅಥವಾ ಇಷ್ಟು ವರ್ಷವೂ ಮಗುವಿನ ಬಾಯಿ ಒರೆಸುತ್ತ, ಅವನನ್ನೇ ಕಾಯುತ್ತ ಕೂತಿದ್ದಳೋ? ದುಭಾಷಿ ಅವನನ್ನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕಟ್ಟಿ ನಿಲ್ಲಿಸಿದ. ಡಿ ವೆಟ್ ತಿರುಗಿ ಅವನತ್ತ ನೋಡಿದ ನೋಟದಲ್ಲಿ ಮೊದಲ ಸಲ ಕುಹಕವಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ನ್ಯಾಯಾಧೀಶೆ ಕನ್ನಡಕ ಕೆಳಗಿಳಿಸಿ ಮುದುಕಿಯನ್ನು ತುಸು ಹೊತ್ತು ನೋಡಿದಳು. “ಚಹಾ ಆದ ಮೇಲೆ ಆದೇಶ ಹೇಳುತ್ತೇನೆ.”

ಹೊರಗೆ ಬಂದು ಬೆಂಚಿನಲ್ಲಿ ಕೂತ ಮೇಲೆ ನೊಸಖೆಲೆ ಮಗುವಿನ ಕಾಲ್ಚೀಲ ಎಳೆದು ಸರಿಮಾಡಿದಳು. ಆಮೇಲೆ ತಲೆಯೆತ್ತದೆ ಅಂದಳು, “ಈಗ ಓದು.”

“ಏನು ಅಕ್ಕ?”

“ಕಾಗದ. ಈ ರವಿಕೆ ಹಾಕ್ಕೊಂಡು ದೇವರ ಮುಂದೆ ಕೈ ಎತ್ತಿ ಹೇಳಿ ಬಂದಿದೀನಿ ನಾನು. ನನ್ನ ಮಾತು ಸುಳ್ಳಾಗಬಾರದು. ಆಯಮ್ಮ ಚಾ ಕುಡಿಯೋದ್ರೊಳಗೆ ಓದಿಬಿಡು, ನಿಜ ಆಗಿಬಿಡ್ಲಿ.”

“ಅಕ್ಕ, ನೀನು ನನಗೋಸ್ಕರ...”

“ನಿನಗೋಸ್ಕರ ಅಂತ ಯಾರು ಹೇಳಿದ್ರು? ನಮ್ಮ ಕುಲದ ಹೆಸರನ್ನ ಬೇರೆಯೋರ ಮುಂದೆ ಬಿಚ್ಚಿ ಹಾಕ್ಲಾ ನಾನು? ಓದು ಅಂದ್ರೆ ಓದು. ಚಾ ಆರುತ್ತೆ.”

ಅವನು ಕಡತ ಬಿಚ್ಚಿ ಕರಾರನ್ನು ತೊಡೆಯ ಮೇಲಿಟ್ಟ. ಮೊದಲ ಸಾಲಿಗೆ ನಾಲಿಗೆ ತೊಡರಿತು. ಕಚೇರಿಯಲ್ಲಿ ನೂರಾರು ಜನರ ಕೈಯಲ್ಲಿ ಸಹಿ ಹಾಕಿಸಿದ ಕಾಗದ, ಒಮ್ಮೆಯೂ ಅದನ್ನು ತಾಯಿಯ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳತೊಡಗಿದರೆ ಅಚ್ಚರಿ, ಅದು ಹೊರಟೇಹೋಯಿತು. ದನದ ಹಟ್ಟಿಯ ಬಾಗಿಲಲ್ಲಿ ಕೂತು ಗಂಡಸರು ಕರು ಯಾರದು, ಮೇವು ಯಾರದು ಎಂದು ಮಾತಾಡಿಕೊಳ್ಳುವಷ್ಟೇ ಸಲೀಸಾಗಿ. ಅವಳು ಅವನ ಬೆರಳನ್ನೇ ನೋಡುತ್ತ ಹ್ಞೂಂ ಹ್ಞೂಂ ಎನ್ನುತ್ತಿದ್ದಳು. ಸಹಿ ಹಾಕಿದ ಮೇಲೂ ಎರಡು ವಾರದೊಳಗೆ ಕರಾರು ಬೇಡ ಎನ್ನುವ ಹಕ್ಕಿದೆ ಎಂಬಲ್ಲಿಗೆ ಬಂದಾಗ ತಡೆದಳು.

“ಅಂದ್ರೆ ಆಗ ನಾನು ನಿನ್ನ ಬೇಡ ಅನ್ನಬಹುದಿತ್ತಾ?”

“ಅನ್ನಬಹುದಿತ್ತು.”

“ಅಂತಿರ್ಲಿಲ್ಲ ಬಿಡು. ಕೋಳಿ ಆಗ್ಲೇ ಹೋಗಿತ್ತು.” ಇಬ್ಬರೂ ನಕ್ಕರು. ಅವನಿಗೆ ಕಣ್ಣು ಮಂಜಾಯಿತು. ಎಷ್ಟು ಹಗುರ ಇದು, ಎಷ್ಟು ಸುಲಭವಿತ್ತು. ಓದುತ್ತ ಹೋದಂತೆ ಆ ದೀಪದ ಬೆಳಕಿನ ಮನುಷ್ಯ ಅವನ ಮೈಯೊಳಗೆ ಒಂದೊಂದೇ ತೋಳು ತೂರಿಸಿ ಹೊಕ್ಕುಕೊಳ್ಳುತ್ತಿದ್ದ.

ಬೆರಳು ಜಿಡ್ಡಿನ ಮಸುಕಿನ ಬಳಿ ಬಂತು. ಮಾಮೂಲಿ ಫೀಸಿನ ಎರಡರಷ್ಟು, ಅಥವಾ ಕಾಲುಭಾಗ, ಎರಡರಲ್ಲಿ ಕಡಿಮೆ ಯಾವುದೋ ಅದು. ಚಿಕ್ಕ ವಾಕ್ಯ. ಹೇಳಿದರೆ ಅವಳು ಕೇಳುತ್ತಾಳೆ, ಹಾಗಾದ್ರೆ ಯಾವುದು ಕಡಿಮೆ? ಕೇಳೇ ಕೇಳುತ್ತಾಳೆ. ಅವನು ಬ್ಯಾಂಕಿನ ಮ್ಯಾನೇಜರನ ಕೆಂಪು ಟೈ ನೆನೆದ, ಮಗಳ ದನಿ ನೆನೆದ, ಅಪ್ಪಾ ಈ ಸಲ ಖಂಡಿತ ತಾನೇ? ಗುಡ್ಡದ ಮೇಲೆ ರಾತ್ರಿಯೆಲ್ಲ ಮಗು ಹೊರಳಿಸುವ ಈ ಕೈಗಳಿಗೆ ಒಬ್ಬ ದಾದಿ ಸಿಕ್ಕರೆ, ಆ ದಾದಿಯ ಸಂಬಳ ತನ್ನ ಬೆರಳ ಕೆಳಗಿದೆ ಎಂದೂ ಅವನಿಗೆ ಹೊಳೆಯಿತು. ಹೊಳೆದದ್ದು ಹೊಳೆದ ಹಾಗೇ ಇತ್ತು. ಬೆರಳು ತಾನಾಗಿ ಎಂಬಂತೆ ಕೆಳಗಿಳಿದು ಮುಂದಿನ ಸಾಲಿಗೆ ಕೂತಿತು. “ಬಂದ ಹಣದಲ್ಲಿ ಕಾಲುಭಾಗ ವಕೀಲನಿಗೆ,” ಎಂದ.

ನೊಸಖೆಲೆಯ ಅಂಗೈ ಬಂದು ಅವನು ದಾಟಿದ ಸಾಲಿನ ಮೇಲೆ ಕೂತಿತು.

“ಇಲ್ಲಿ ಏನೋ ಇದೆಯಲ್ಲ.”

“ಅದು... ಬರೀ ಕಾನೂನಿನ ಮಾತು ಅಕ್ಕ. ಇದನ್ನೇ ಇನ್ನೊಂದು ಥರ ಬರ್ದಿದಾರೆ.”

“ಹ್ಞೂಂ.”

ಅಂಗೈ ಏಳಲಿಲ್ಲ. ಉಗುರಿನ ಸುತ್ತ ಸೀಳಿದ ಚರ್ಮ, ಹಿಂಬದಿಯಲ್ಲಿ ಉಬ್ಬಿದ ನರ. ಅದನ್ನು ಹಿಡಿದೆತ್ತಿ ಪಕ್ಕಕ್ಕಿಡಲು ಎಷ್ಟು ಬಲ ಬೇಕು? ಅವಳು ಕಾಯುತ್ತಿದ್ದಳು. ಕಾಯುತ್ತಿದ್ದಾಳೆ ಎಂದು ಅವನಿಗೆ ತಿಳಿದಿತ್ತು, ಅವನಿಗೆ ತಿಳಿದಿದೆ ಎಂದು ಅವಳಿಗೂ ತಿಳಿದಿತ್ತು. ಮಗು ಮ್ ಮ್ ನಿಲ್ಲಿಸಿತು, ಅದೂ ಆಲಿಸುತ್ತಿದೆಯೇನೋ ಎನ್ನುವಂತೆ. ಅವನ ಬಲಗೈ ತೊಡೆಯ ಮೇಲಿಂದ ತುಸು ಎದ್ದಿತು. ಅಷ್ಟರಲ್ಲಿ ಬಾಗಿಲ ಬಳಿ ಜವಾನ ಕೇಸಿನ ಹೆಸರು ಕೂಗಿದ. ಕೂಗಿದ್ದು ಅವನಿಗೆ ಹಾಯೆನಿಸಿತು, ಅದೇ ಆ ಹಳೆಯ ಹಾಯಿ, ಕೊರಳ ಗುಂಡಿ ಬಿಚ್ಚಿದಂತೆ. ನೊಸಖೆಲೆ ತನ್ನ ಕೈಯನ್ನು ತಾನೇ ಎತ್ತಿಕೊಂಡು, ಲಂಗಕ್ಕೆ ಒರೆಸಿ, ಗಾಲಿ ಕುರ್ಚಿಯ ಹಿಡಿ ಹಿಡಿದಳು.

ಒಳಗೆ ಎಲ್ಲ ಬೇಗ ಮುಗಿಯಿತು. ತಾನು ಇಂಥ ಕರಾರುಗಳನ್ನು ಅನುಮಾನದಿಂದಲೇ ನೋಡುವವಳೆಂದು ನ್ಯಾಯಾಧೀಶೆ ಹೇಳಿದಳು. ಗೆದ್ದ ಬಡವರ ತಟ್ಟೆಗೆ ಮೊದಲು ಕೈ ಹಾಕುವವರು ಅವರ ವಕೀಲರೇ ಆಗಿರುವ ಈ ಕಾಲದಲ್ಲಿ, ದೀಪ ಹಚ್ಚಿಸಿ ಸಾಲು ಸಾಲು ಓದಿ ಹೇಳಿದವನನ್ನು ಕಂಡದ್ದು ಸಂತೋಷ ಎಂದಳು. ಅಫಿಡವಿಟ್ಟಿನ ಮಾತಿಗೆ ಬದ್ಧರೇ ಎಂದು ಕೇಳಿದಳು. ಬದ್ಧ, ಎಂದ. ಒಪ್ಪಂದವನ್ನೂ ಫೀಸಿನ ಕರಾರನ್ನೂ ಇದ್ದ ಹಾಗೇ ಒಪ್ಪಿ ಕೋರ್ಟಿನ ಆದೇಶ ಮಾಡಲಾಯಿತು. ಬಾಗಿ ವಂದಿಸಿ ತಿರುಗುವಾಗ ಡಿ ವೆಟ್ ಕಿವಿಯ ಬಳಿ ಹೇಳಿದ, ಮೆಲ್ಲಗೆ, ಸ್ನೇಹದಿಂದ, “ಗೌನು ಹಿಂದೆ ಹರಿದಿದೆ ಕಣಯ್ಯಾ. ಮೊಳಕಾಲವರೆಗೂ.”

ಬಾಡಿಗೆ ವ್ಯಾನು ಕೋರ್ಟಿನ ಮುಂದಿನ ರಸ್ತೆಗೆ ಬಂದಿತ್ತು. ಅವನೇ ಮಗುವನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ. ಓವಾಯೊಳ ತಲೆ ಅವನ ಭುಜದ ಮೇಲೆ ವಾಲಿತು, ಎಂಜಲು ಬಿಳಿ ಕೊರಳಪಟ್ಟಿಗೆ ತಾಗಿತು. ಚಾಲಕ ಕುರ್ಚಿ ಮಡಚಿ ಹಿಂದಿಟ್ಟ. ನೊಸಖೆಲೆ ಒಳಗೆ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅವಳು ಏನೋ ಹೇಳುತ್ತಾಳೆ ಎಂದು ಅವನು ಕಿಟಕಿ ಹಿಡಿದು ನಿಂತ. ಬೈಯಲಿ. ತೋಲೊ, ನಿನ್ನ ಬೆರಳು ಒಂದು ಸಾಲು ಹಾರಿತು ಕಣೋ ಎನ್ನಲಿ. ಅನ್ನುತ್ತಾಳೆ, ಅಕ್ಕನಲ್ಲವೇ, ಆಗ ಒಳಗೆ ಓಡಿಹೋಗಿ ಹೇಳಬಹುದು, ಇನ್ನೂ ಹೊತ್ತು ಮೀರಿಲ್ಲ, ನ್ಯಾಯಾಧೀಶೆ ಎದ್ದಿರಲಿಕ್ಕಿಲ್ಲ.

ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಬ್ಯಾಂಕಿನ ಕಿಟಕಿಯ ಮುಂದೆ ನಿಂತಾಗ, ಪೋಸ್ಟಾಫೀಸಿನಲ್ಲಿ ಪಿಂಚಣಿ ಪಡೆಯುವಾಗ ತಾಳುವ ಮರ್ಯಾದೆಯಿತ್ತು.

“ಬಹಳ ಉಪಕಾರ ಆಯ್ತು,” ಎಂದಳು. ಲಕೋಟೆಯ ಮೇಲಿನ ಅಕ್ಷರ ಕೂಡಿಸಿ ಓದುವವಳಂತೆ ಬಿಡಿಬಿಡಿಯಾಗಿ ಹೇಳಿದಳು, “ಮಿಸ್ಟರ್ ಮತ್ಯುಮ್ಜಾ.”

ವ್ಯಾನು ಹೊರಟಿತು. ಕೆಂಪು ಧೂಳು ಎದ್ದು, ಹಣ್ಣಿನ ತಳ್ಳುಗಾಡಿಗಳ ಮೇಲೆ ಕೂತು, ಮತ್ತೆ ರಸ್ತೆ ಮಾಮೂಲಿನಂತಾಯಿತು. ಅವನು ಹರಿದ ಗೌನನ್ನು ಹಿಂದಿನಿಂದ ಹಿಡಿದುಕೊಂಡು ಕಾರಿನ ಕಡೆ ನಡೆದ. ದೂರದಿಂದಲೇ ಹಳದಿ ಜಾಕೀಟಿನವನೊಬ್ಬ ಕೈಬೀಸುತ್ತ ಓಡಿಬರುತ್ತಿದ್ದ. “ತೋಲೊ! ದ್ಲಾಂಗಮಾಂಡ್ಲಾ! ಗೆದ್ರಂತಲ್ಲಾ!”

ಬೇರೆ ಯಾರನ್ನೋ ಕರೆಯುತ್ತಿದ್ದಾನೆಂದುಕೊಂಡು ಮತ್ಯುಮ್ಜಾ ದಾರಿ ಬಿಟ್ಟು ಸರಿದು ನಿಂತು, ತಿರುಗಿ ಹಿಂದೆ ನೋಡಿದ.